ನುಂಗಿದ ತುತ್ತು ನೆಂಟನಾದದ್ದು

ರೈನ್ ನದಿ ತನ್ನ ಪಾತ್ರವನ್ನು ಬಿಟ್ಟು ಸರಿದಮೇಲೆ ಹಿಂದೆ ಉಳಿದ ನಿಂತನೀರಿನ ಕವಲುಗಳನ್ನು ಜರ್ಮನರು ‘ಹಳೆಯ ರೈನ್’ ಎಂದು ಕರೆಯುತ್ತಾರೆ. ಅಂಥದೊಂದು ಕವಲಿನ ಕೆಸರನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಿದ್ದ ರಾಬರ್ಟ್ ಲಾಟರ್‌ಬೋರ್ನ್ ಎಂಬ ವಿಜ್ಞಾನಿ, ತಾನು ಕಂಡ ಒಂದು ವಿಚಿತ್ರ ಜೀವಿಯ ವರ್ಣನೆಯನ್ನು 1895ರಲ್ಲಿ ಪ್ರಕಟಿಸಿದನು. ಅದೊಂದು ಅಮೀಬಾ. ಶಾಲೆಯ ಪುಸ್ತಕಗಳಲ್ಲಿ ನಾವು ಕಂಡ ಬೆತ್ತಲೆ ಅಮೀಬಾ ಅಲ್ಲ. ಸಿಲಿಕದ ಪುಟ್ಟ ಹೆಂಚುಗಳನ್ನು ಒಪ್ಪವಾಗಿ ಜೋಡಿಸಿಕೊಂಡು ಅದರೊಳಗೆ ಮನೆಮಾಡಿದ ಗೃಹಸ್ಥ ಅಮೀಬಾ. ಆ ಮನೆಯೊಳಗೆ ಹುಣಿಸೆಕಾಯಿಯಂತೆ ಬಾಗಿದ, ನೀಲಿಹಸಿರು ಬಣ್ಣದ ಎರಡು ವಸ್ತುಗಳಿದ್ದವು. ಜೀವಿಗೆ ಪಾಲಿನೆಲ್ಲಾ ಕ್ರೊಮಾಟೊಫೊರ ಎಂದು ನಾಮಕರಣವಾಯಿತು.

ಈ ಹಸಿರು ವಸ್ತುಗಳು ಅಮೀಬಾದ ಅಂಗಗಳೋ, ಅದರೊಳಗೆ ಬಿಡಾರ ಹೂಡಿದ ಬೇರೆ ಜೀವಿಗಳೋ? ಲಾಟರ್‌ಬೋರ್ನನಿಗೇ ಈ ಸಂದೇಹ ಬಂದಿತ್ತು. ಒಳ್ಳೆಯ ವಿಜ್ಞಾನಿಯ ಲಕ್ಷಣವೆಂದರೆ ಇದೇ ಎಂದು ನನಗೆ ತೋರುತ್ತದೆ.

ಹತ್ತು ವರ್ಷಗಳ ತರುವಾಯ, 1905ರಲ್ಲಿ, ರಷ್ಯದ ಕಜಾನಿನಲ್ಲಿದ್ದ ಮೆರೆಷ್ಕೋವ್‌ಸ್ಕಿ ಇನ್ನೂ ದಿಟ್ಟವಾದ ಮಾತನ್ನಾಡಿದನು: ಗಿಡಮರಗಳ ಎಲೆಗೆ ಹಸಿರನ್ನು ಕೊಡುವ ಕಣಗಳೆಲ್ಲ ಒಂದಾನೊಂದು ಕಾಲದಲ್ಲಿ ಸ್ವತಂತ್ರ ಜೀವಿಗಳಾಗಿದ್ದು, ಆಮೇಲೆ ಬೇರೊಂದು ಜೀವಕೋಶವನ್ನು ಹೊಕ್ಕು ಅಲ್ಲೇ ನೆಲೆಸಿದುವು. ವಿದ್ವಾಂಸರಲ್ಲಿ ಹೆಚ್ಚಿನವರು ಇದಕ್ಕೆ ಕಿವಿಗೊಡಲಿಲ್ಲ. 1967ರಲ್ಲಿ ಲಿನ್ ಮಾರ್ಗುಲಿಸ್ ಇದೇ ವಾದವನ್ನು ಹೊಸ ಆಧಾರಗಳೊಡನೆ ಮಂಡಿಸಿದಾಗಲೂ ಆಕೆಯ ಲೇಖನವನ್ನು ಹದಿನೈದರಷ್ಟು ಪತ್ರಿಕೆಗಳು ಮರಳಿಸಿದ್ದುವಂತೆ! ಇಂದು ಅದು ಕಾಲೇಜಿನ ಪಾಠ.

ಎಲೆಯ ಹಸಿರಿನ ಕಥೆ ನೂರು ಕೋಟಿ ವರ್ಷಕ್ಕೂ ಹಿಂದಿನದು. ಅದರ ನಡುವಿನ ಪುಟಗಳೆಲ್ಲ ಹರಿದುಹೋಗಿವೆ. ಪಾಲಿನೆಲ್ಲಾದ ಬೆಲೆ ಇರುವುದು ಇಲ್ಲಿಯೇ. ಇದರೊಳಗೆ ನೀಲಿಹಸಿರು ಬ್ಯಾಕ್ಟೀರಿಯ ಸೇರಿದ್ದು ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ, ಅದೂ ಎಲೆಯ ಹಸಿರಿಗೆ ಯಾವ ಸಂಬಂಧವೂ ಇಲ್ಲದೆ, ಪ್ರತ್ಯೇಕವಾಗಿ. ಆ ವಲಸೆಯ ಕುರುಹುಗಳನ್ನು ಇನ್ನೂ ಓದಬಹುದು. 2008ರಲ್ಲಿ ಇದರ ಜೀನುಗಳ ಪಟ್ಟಿ ಪ್ರಕಟವಾಯಿತು. ಸ್ವತಂತ್ರವಾಗಿ ಬಾಳುವ ಬಂಧುವಿನಲ್ಲಿ ಮೂರು ಸಾವಿರಕ್ಕೂ ಮಿಕ್ಕ ಜೀನುಗಳಿದ್ದರೆ, ಇದರಲ್ಲಿ ಪ್ರೋಟೀನು ಮಾಡಬಲ್ಲವು ಉಳಿದಿರುವುದು 867. ಕೆಲವು ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ವಿದ್ಯೆಯನ್ನೂ ಅದು ಮರೆತಿದೆ. ಕೆಲವು ಜೀನುಗಳು ಅಮೀಬಾದ ನ್ಯೂಕ್ಲಿಯಸ್ಸಿಗೇ ವರ್ಗವಾಗಿವೆ. ಅಲ್ಲಿ ಬರೆದ ಆಜ್ಞೆಯಂತೆ ಅಮೀಬಾ ಪ್ರೋಟೀನು ತಯಾರಿಸಿ ಹಸಿರು ಅತಿಥಿಗೆ ಕಳುಹಿಸುತ್ತದೆಂಬುದು 2012ರಲ್ಲಿ ಸ್ಥಿರಪಟ್ಟಿತು. ಅಮೀಬಾ ಇಬ್ಭಾಗವಾಗುವಾಗ ಎರಡು ಹಸಿರು ತುಂಡುಗಳಲ್ಲಿ ಮಕ್ಕಳಿಗೆ ಒಂದೊಂದು ಪಾಲು. ಪಾಲಿಗೆ ಬಂದದ್ದು ಆಮೇಲೆ ಒಡೆದು ಎರಡಾಗುತ್ತದೆ. ಇಂಥ ಅಮೀಬಾ ಬೇಟೆಯಾಡುವುದನ್ನೇ ಬಿಟ್ಟಿದೆ. ಬಿಸಿಲೇ ಅನ್ನ.

ಇದನ್ನು ‘ಸಹಜೀವನ’ ಎನ್ನಲು ನನ್ನ ಮನಸ್ಸು ಹಿಂಜರಿಯುತ್ತದೆ. ಹೊರಗೆ ಬಂದರೆ ಬದುಕಲಾರದವನು ಅತಿಥಿಯೇ? ಮನೆಯಳಿಯನೆನ್ನಲೇ, ಸೆರೆಯಾಳೆನ್ನಲೇ? ಭಾಷೆಯ ಮೇಷ್ಟ್ರಿಗೂ ಇಲ್ಲಿ ಪದ ಸಾಲದು.

ಇನ್ನು ಕಡಲಿನ ಮಾತು. ಈ ಹಸಿರು ಕಡ್ಡಿಗಳ ಹತ್ತಿರದ ಬಳಗವಾದ ಸಿನೆಕೊಕಾಕಸ್ ಮೊದಲಾದ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ಸಮುದ್ರವಾಸಿಗಳು. ಪಾಲಿನೆಲ್ಲಾ ಕುಲದಲ್ಲೂ ಕಡಲ ಶಾಖೆಗಳುಂಟು. 2016ರಲ್ಲಿ ಕೊರಿಯದ ಕರಾವಳಿಯಿಂದ ಉಪ್ಪುನೀರಿನಲ್ಲೇ ಬಾಳುವ ಹಸಿರು ಪಾಲಿನೆಲ್ಲಾವೊಂದು ವರ್ಣಿತವಾಯಿತು. ಇದರ ಹಸಿರು ಕಡ್ಡಿಗಳು ಇನ್ನೂ ನೀಳ. ಇದೇ ಕುಲದ ಓವಾಲಿಸ್ ಎಂಬ ಕಡಲ ಜಾತಿಯಲ್ಲಿ ಮಾತ್ರ ಹಸಿರು ಕಡ್ಡಿಯಿಲ್ಲ. ಅದು ಅದೇ ಬಳಗದ ನೀಲಿಹಸಿರು ಬ್ಯಾಕ್ಟೀರಿಯಗಳನ್ನು ಹಿಡಿದು ನುಂಗಿ, ಯಾವ ದಾಕ್ಷಿಣ್ಯವೂ ಇಲ್ಲದೆ ಅರಗಿಸಿಕೊಳ್ಳುತ್ತದೆ.