ಗಣಿಯ ಊರಿಗೆ ರೈಲಿನಲ್ಲಿ ಬಂದ ಮೇಷ್ಟ್ರು

ಡಿ.ವಿ. ಗುಂಡಪ್ಪನವರು ಮುಳಬಾಗಿಲಿನಲ್ಲಿ ಕೆಳಗಿನ ತರಗತಿಗಳನ್ನು ಮುಗಿಸಿದಾಗ ಬಂಧುಗಳಿಗೆ ಹುಡುಗನ ಓದು ಇಷ್ಟು ಸಾಕೆನಿಸಿತ್ತು. ರಸೂಲ್ ಖಾನ್ ಎಂಬ ಹಿತೈಷಿ ಬಿಡಲಿಲ್ಲ. ಅವರ ಒತ್ತಾಸೆಯಿಂದ ಹುಡುಗ ಹೈಸ್ಕೂಲಿಗೆಂದು ಮೈಸೂರು ಸೇರಿದ. 19ನೇ ಶತಮಾನ ಮುಗಿಯುತ್ತಿದ್ದ ಕಾಲ ಅದು. ಮುಳಬಾಗಿಲಿನವರು ರೈಲು ಹತ್ತಬೇಕೆಂದರೆ ಆಗ ಬೌರಿಂಗ್‌ಪೇಟೆಗೆ ಬರಬೇಕಿತ್ತು. ಜಿಲ್ಲಾ ಕೇಂದ್ರವಾದ ಕೋಲಾರಕ್ಕೇ ರೈಲು ಬಂದದ್ದು 1913ರಲ್ಲಿ. ಮುಂದೆ ಮೆಟ್ರಿಕ್ಯುಲೇಷನ್ ದಾಟಲಾಗದ ಗುಂಡಪ್ಪನವರು ಕೆಲಕಾಲ ಬದಲಿ ಮೇಷ್ಟ್ರಾಗಿದ್ದರು, ಕೆಲಕಾಲ ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ ಸೋಡಾ ಕಾರ್ಖಾನೆಯ ಕೆಲಸ ಮಾಡಿದರು. ಮೇಷ್ಟ್ರುಗಿರಿ ಮತ್ತು ಸೋಡಾ ಕಾರ್ಖಾನೆ ಒಂದೇ ತೂಕದ ನೌಕರಿಗಳಾಗಿ ಕಾಣುತ್ತಿದ್ದ ದಿನಗಳು!

ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಈ ನಿಲ್ದಾಣಕ್ಕೆ ಅಂಟಿಕೊಂಡಿತ್ತು. ಅವರ ಆಡಳಿತದಲ್ಲೇ, 1868ರಲ್ಲಿ, ಹೋಬಳಿಗೊಂದು ಶಾಲೆ ಎಂಬ ಯೋಜನೆ ಹೊರಟಿತು. ಅದನ್ನು ರೂಪಿಸಿದವರು ಬಿ.ಎಲ್. ರೈಸ್, ಶಾಸನಗಳ ರೈಸ್ ಎಂದರೆ ಕನ್ನಡಿಗರಿಗೆ ಗುರುತು ಬೇಗ ಹತ್ತುತ್ತದೆ. ಅಲ್ಲಿಯವರೆಗೆ ಕೂಲಿಮಠದ ಐಗಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿಸುತ್ತಿದ್ದ ಹಳ್ಳಿಗಳಿಗೆ, ಸರ್ಕಾರದ ಸಂಬಳ ಎಣಿಸುವ ಮೇಷ್ಟ್ರು ಎಂಬ ಹೊಸ ಮನುಷ್ಯ ಬಂದ.

ಈ ಮನುಷ್ಯ ಚಿನ್ನದ ಗಣಿಗೆ ಕಾಲಿಡುವುದು ಅಷ್ಟು ಸಲೀಸಾಗಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಉಸ್ತುವಾರಿ ಹಿಡಿದ ಮೇಲೆ ಆ ಬಯಲು ಕಂಪನಿಯ ಸೀಮೆಯಾಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ರೈಲು ಬಂತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1901ರ ಜನಗಣತಿಯಲ್ಲೇ ಊರಿನ ಜನಸಂಖ್ಯೆ 38,204. ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದ ತಮಿಳು, ತೆಲುಗು ಮಾತಿನ ಕೂಲಿಕಾರರು, ಬಹುಪಾಲು ದಲಿತರು, ಒತ್ತೊತ್ತಾಗಿ ಕಟ್ಟಿದ ‘ಲೈನು’ಗಳಲ್ಲಿ ತುಂಬಿಕೊಂಡರು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಹೊತ್ತು ತಿಳಿಸುವ ಸೈರನ್ ಕೂಡ ಕಂಪನಿಯದು.

ಶಾಲೆಯ ವಿಷಯದಲ್ಲಿ ಕಂಪನಿಯ ಲೆಕ್ಕ ಬೇರೆ ಇತ್ತು. 1901ರಲ್ಲಿ ನಂದಿದುರ್ಗ ಗಣಿಯ ಬಳಿ ಶಾಲೆಯೊಂದು ಶುರುವಾಯಿತು. ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ನೌಕರರ ಮಕ್ಕಳಿಗಾಗಿ. ಮುಂದೆ ಕೆಜಿಎಫ್ ಬಾಯ್ಸ್ ಸ್ಕೂಲ್ ಎಂದು ಕರೆಸಿಕೊಂಡದ್ದು ಅದೇ. ಸುರಂಗಕ್ಕಿಳಿಯುವವರ ಮಕ್ಕಳು ಓದಬೇಕೆಂದರೆ ಮಿಷನ್ ಶಾಲೆಗಳು, ಇಲ್ಲವೇ ತಾವೇ ಕಟ್ಟಿಕೊಂಡ ಸಂಘಗಳು. ತಮಿಳು ದಲಿತ ಚಿಂತಕ ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘ 1907ರ ಸುಮಾರಿಗೆ ಮಾರಿಕುಪ್ಪದಲ್ಲಿ ಬೇರುಬಿಟ್ಟಿತು. 1914ರಲ್ಲಿ ಅವರು ತೀರಿಕೊಂಡ ಬಳಿಕ ಅವರ ‘ತಮಿಳನ್’ ಪತ್ರಿಕೆಗೆ ಮರುಜೀವ ಸಿಕ್ಕಿದ್ದೂ ಈ ಗಣಿಯೂರಿನಲ್ಲೇ. ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಆದಿದ್ರಾವಿಡರ ಪರ ಕೂತಿದ್ದ ಎಂ.ವೈ. ಮುರುಗೇಶಂ ಇದೇ ನೆಲದವರು. ಓದು ಬರದವರ ಊರು ಎಂದು ಕಂಪನಿಯ ದೊರೆಗಳು ಬಗೆದಿದ್ದ ಕಡೆ ಒಂದು ವಾರಪತ್ರಿಕೆ ಅಚ್ಚಾಗಿ ಮಾರಾಟವಾಗುತ್ತಿತ್ತೆಂದರೆ, ಅದನ್ನು ಓದಿ ಹೇಳುವವರೂ ಕೇಳುವವರೂ ಅಲ್ಲಿ ಇದ್ದೇ ಇದ್ದರು.

1915ರಲ್ಲಿ ಮೈಸೂರು ಸರ್ಕಾರ, ಅಸ್ಪೃಶ್ಯನೆಂಬ ಕಾರಣಕ್ಕೆ ಯಾವ ಮಗುವನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡಕೂಡದೆಂದು ಆದೇಶ ಹೊರಡಿಸಿತು. ಸಂಸ್ಥಾನದ ಉಳಿದೆಡೆ ಗದ್ದಲ ಎಬ್ಬಿಸಿದ ಈ ಆದೇಶಕ್ಕೆ ಚಿನ್ನದ ಗಣಿಯಲ್ಲಿ ಇನ್ನೊಂದು ಅರ್ಥವಿತ್ತು; ಇಲ್ಲಿ ‘ಹೊರಗಿನವರು’ ಎನಿಸಿಕೊಂಡವರೇ ಊರಿನ ಬಹುಮತ. 1930ರ ಏಪ್ರಿಲ್‌ನಲ್ಲಿ ಇದೇ ಜನ 21 ದಿನ ಮುಷ್ಕರ ಹೂಡಿದರು. ಕಾರಣ, ಕಾರ್ಮಿಕರ ನೋಂದಣಿಗೆ ಬೆರಳಚ್ಚು ಒತ್ತಬೇಕೆಂಬ ಹೊಸ ನಿಯಮ. ಹೆಬ್ಬೆಟ್ಟು ಒತ್ತುವುದು ಕಳ್ಳಕಾಕರ ಲಕ್ಷಣವೆಂದು ಸಿಟ್ಟಾಗಿದ್ದ ಅಪ್ಪಂದಿರ ಮಕ್ಕಳಿಗೆ ಸಹಿ ಮಾಡಲು ಕಲಿಸುತ್ತಿದ್ದ ಮೇಷ್ಟ್ರಿಗೆ ಊರಿನಲ್ಲಿ ಎಂಥ ಬೆಲೆ ಇದ್ದಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಸ್ವಾತಂತ್ರ್ಯ ಬಂದಾಗ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಗಣಿಗೆ ಹತ್ತಿರದ ಊರು, ಗಣಿ ಕಾರ್ಮಿಕರ ಸಂಘಟನೆಯಲ್ಲಿ ಪಳಗಿದ ಮನುಷ್ಯ. 1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು. ಆಡಳಿತ ಇಷ್ಟೆಲ್ಲ ಕೈ ಬದಲಾಯಿಸುತ್ತಿರುವಾಗ ಸರ್ಕಾರಿ ಹೈಸ್ಕೂಲಿನ ಸ್ಟಾಫ್ ರೂಮು ಊರಿನ ಬೇರೆಲ್ಲ ಜಾಗಗಳಿಗಿಂತ ಭಿನ್ನವಾಗಿ ಬೆಳೆಯಿತು. ಅಲ್ಲಿ ಕೂತಿದ್ದವರು ಕಂಪನಿಯ ಆಳುಗಳಲ್ಲ. ಸರ್ಕಾರಿ ನೇಮಕಾತಿಯಲ್ಲಿ, ವರ್ಗಾವಣೆಯಲ್ಲಿ ಎಲ್ಲಿಂದಲೋ ಬಂದವರು. ಬಂಗಾರಪೇಟೆಯಲ್ಲಿ ಮನೆ ಮಾಡಿ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣ ಎಣಿಸುತ್ತ ಹೋಗಿಬರುವ ಮೇಷ್ಟ್ರುಗಳೂ ಅವರಲ್ಲಿದ್ದರು. ಇಡೀ ದಾರಿ ಹದಿನಾರು ಕಿಲೋಮೀಟರ್. ಬಂಗಾರಪೇಟೆಯಲ್ಲಿ ‘ಮೇಷ್ಟ್ರು’ ಎನಿಸಿಕೊಂಡು ರೈಲು ಹತ್ತಿದವರು ಗಣಿಯಲ್ಲಿ ಇಳಿಯುವಷ್ಟರಲ್ಲಿ ತಮಿಳಿನ ‘ವಾತ್ಯಾರ್’ ಆಗಿರುತ್ತಿದ್ದರು.

ಇವರಲ್ಲಿ ಕನ್ನಡ ಮೇಷ್ಟ್ರ ಪಾಡು ಬೇರೆಯದೇ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಅಕ್ಷರ ಒಂದೇ. ಎಲ್ಲಿ ಗಂಟಲು ಸಡಿಲಿಸಬೇಕು, ಎಲ್ಲಿ ಬಿಗಿಯಬೇಕು ಎನ್ನುವುದು ಓದುವವನಿಗೆ ಬಿಟ್ಟದ್ದು. ಈ ಲೆಕ್ಕದಲ್ಲಿ ಬೆಳೆದ ಹುಡುಗನ ಕೈಯಲ್ಲಿ ಉಕ್ತಲೇಖನ ಬರೆಸಿದರೆ ‘ಗಡಿ’ ‘ಕಡಿ’ಯಾಗುತ್ತದೆ, ‘ಧನ’ ‘ತನ’ವಾಗುತ್ತದೆ. ಮಹಾಪ್ರಾಣದ ಹೊಟ್ಟೆ ಸೀಳುವುದನ್ನು ಮರೆತನೆಂದು ಬೈದರೆ ಪ್ರಯೋಜನವಿಲ್ಲ. ಅವನ ಕಿವಿಗೆ ಅದು ಕೇಳಿಸಿಯೇ ಇರುವುದಿಲ್ಲ. ತೆಲುಗು ಮನೆಯ ಮಕ್ಕಳಿಗೆ ಈ ತಾಪತ್ರಯವಿಲ್ಲ, ಲಿಪಿಗಳು ಅಕ್ಕತಂಗಿಯರು. ತಮಿಳು ಮಕ್ಕಳಿಗೆ ಬೇರೊಂದು ಬಾಗಿಲು ತೆರೆದಿದೆ. ಅಲ್ಲಿಯ ‘ಪ’ ಇಲ್ಲಿ ‘ಹ’ ಆಗುವ ಗುಟ್ಟು ಗೊತ್ತಾದರೆ ಸಾಕು: ಪಾಲ್ ಹಾಲು, ಪುಲಿ ಹುಲಿ, ಪೂ ಹೂ, ಪಲ್ ಹಲ್ಲು. ಹತ್ತನೆಯ ಶತಮಾನದ ಕನ್ನಡವೂ ‘ಪಾಲ್’ ಎಂದೇ ಬರೆಯುತ್ತಿತ್ತೆಂದು ಹೇಳಿದರೆ, ಹಳಗನ್ನಡ ಪದ್ಯಕ್ಕೆ ಹೆದರುವ ಕನ್ನಡದ ಹುಡುಗರಿಗಿಂತ ಮೊದಲು ತಮಿಳು ಹುಡುಗನೇ ಕೈ ಎತ್ತಬಹುದು.

ಈ ತರಗತಿಯ ಮೇಲೆ ರಾಜಕೀಯದ ನೆರಳು ಬಿದ್ದದ್ದು ಎಂಬತ್ತರ ದಶಕದಲ್ಲಿ. 1981ರಲ್ಲಿ ವಿ.ಕೃ. ಗೋಕಾಕ್ ಸಮಿತಿ ಹೈಸ್ಕೂಲಿನಲ್ಲಿ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಿ ಕನ್ನಡವಿರಲಿ ಎಂದಿತು. ರಾಜಕುಮಾರ್ ಬೀದಿಗಿಳಿದ ಮೇಲೆ, 1982ರಲ್ಲಿ, ಸರ್ಕಾರ ಕನ್ನಡದ ಪರ ಆದೇಶ ಹೊರಡಿಸಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋದರು. 1989ರಲ್ಲಿ ಹೈಕೋರ್ಟು ಕಡ್ಡಾಯದ ಭಾಗವನ್ನು ತಳ್ಳಿಹಾಕಿತು. ಬೆಂಗಳೂರಿನಲ್ಲಿ ಇದು ಘೋಷಣೆ, ಗಣಿಯಲ್ಲಿ ದಿನದಿನದ ವೇಳಾಪಟ್ಟಿ. ಕನ್ನಡದ ಪೀರಿಯಡ್ಡು ಎಷ್ಟು, ತಮಿಳಿನದೆಷ್ಟು, ತಮಿಳು ಪಂಡಿತರ ಹುದ್ದೆ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ. ಹೊರಗೆ ಎದುರುಬದುರಾಗಿ ನಿಂತ ಎರಡು ಭಾಷೆಗಳು ಸ್ಟಾಫ್ ರೂಮಿನ ಒಂದೇ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದವು ಎನ್ನುವುದನ್ನು ಚರಿತ್ರೆ ಬರೆಯುವವರು ಮರೆಯುತ್ತಾರೆ. ಕೊನೆಗೆ ಗೆದ್ದದ್ದು ಎರಡೂ ಅಲ್ಲ, ಇಂಗ್ಲಿಷ್ ಮಾಧ್ಯಮ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕೊನೆಯವರೆಗೆ ಉಳಿದಿದ್ದ ಸುಮಾರು 3,500 ಕಾರ್ಮಿಕರ ಕೆಲಸ ಹೋಯಿತು. ಅಂಥ ಹೊತ್ತಿನಲ್ಲಿ ಶಾಲೆಯ ಮುಖ್ಯ ವ್ಯಕ್ತಿ ಹೆಡ್‌ಮಾಸ್ಟರರಲ್ಲ, ಗುಮಾಸ್ತರು. ಊರು ಬಿಡುವ ಮನೆ ಮೊದಲು ಕೇಳುವುದು ಟಿ.ಸಿ.ಯನ್ನು. ಹುಟ್ಟಿದ ತಾರೀಖು, ಜಾತಿ, ಮಾತೃಭಾಷೆ ಎಲ್ಲಕ್ಕೂ ಅಡ್ಮಿಷನ್ ರಿಜಿಸ್ಟರಿನ ಆ ಒಂದು ಸಾಲೇ ಆಧಾರ. ಜವಾನ ಮೇಲಟ್ಟದಿಂದ ದೂಳು ಕೊಡವಿ ಇಳಿಸುವ ಆ ದಪ್ಪ ಪುಸ್ತಕಗಳಲ್ಲಿ ಕೆಜಿಎಫ್‌ನ ಚರಿತ್ರೆ ಗಣಿಯ ವರದಿಗಳಿಗಿಂತ ಪ್ರಾಮಾಣಿಕವಾಗಿದೆ. ಚಿನ್ನದ ತೂಕ ಬರೆದಿಟ್ಟವರು ಬಹಳ ಮಂದಿ. ಮಕ್ಕಳ ಹೆಸರು ಬರೆದಿಟ್ಟವರು ಈ ಗುಮಾಸ್ತರು ಮಾತ್ರ.

ಈಗ ಸ್ಟಾಫ್ ರೂಮಿನಲ್ಲಿ ಹೊಸ ಪಂಗಡವೊಂದಿದೆ, ಅತಿಥಿ ಶಿಕ್ಷಕರು. ಹೆಸರಿಗೆ ಅತಿಥಿ, ಕೆಲಸ ಮನೆಯವರಷ್ಟೇ. 2022ರಲ್ಲಿ ಪರಿಷ್ಕರಿಸಿದಾಗ ಹೈಸ್ಕೂಲಿನ ಅತಿಥಿ ಶಿಕ್ಷಕರ ತಿಂಗಳ ಗೌರವಧನ 10,500 ರೂಪಾಯಿಗೆ ಬಂತು. ಇತ್ತ ಗಣಿ ಮುಚ್ಚಿದ ಊರಿನ ಸಾವಿರಾರು ಜನ ನಸುಕಿನಲ್ಲೇ ಮಾರಿಕುಪ್ಪದಿಂದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಹೊತ್ತು ಮುಳುಗಿದ ಮೇಲೆ ಮರಳುತ್ತಾರೆ. ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ಅಪ್ಪಂದಿರ ರೈಲು ಪಡುವಣಕ್ಕೆ ಹೊರಟರೆ, ಮಕ್ಕಳಿಗೆ ಪಾಠ ಹೇಳುವವರು ಮಾರಿಕುಪ್ಪದ ಗಾಡಿಗೆ ಕಾದು ನಿಂತಿರುತ್ತಾರೆ.