ಕಲಬುರಗಿ: ಅರಸನ ಗೋರಿ, ಸಂತನ ದರ್ಗಾ

ನಮ್ಮ ಕೊಳಕೂರ ಸೀಮೆಯವರಿಗೆ ಕಲಬುರಗಿಯೆಂದರೆ ಶರಣಬಸವೇಶ್ವರರು ಮತ್ತು ಖಾಜಾ ಬಂದೇನವಾಜರು. ಬಂದೇನವಾಜರ ಚರಿತ್ರೆಯನ್ನು ಇಲ್ಲಿ ಸಂಕ್ಷಿಪ್ತವಾಗಿ ಬರೆಯುತ್ತಿದ್ದೇನೆ.

1321ರಲ್ಲಿ ದಿಲ್ಲಿಯಲ್ಲಿ ಜನಿಸಿದ ಅವರು ಚಿಷ್ತಿ ಪರಂಪರೆಯ ನಾಸಿರುದ್ದೀನ್ ಚಿರಾಗ್ ದೆಹಲ್ವಿಯವರ ಶಿಷ್ಯರು. 1398ರ ತೈಮೂರನ ದಾಳಿಯ ಕಾಲಕ್ಕೆ ದಿಲ್ಲಿಯನ್ನು ತೊರೆದು, ಇಳಿವಯಸ್ಸಿನಲ್ಲಿ ಕಲಬುರಗಿಗೆ ಬಂದರು. ಬಹಮನಿ ಸುಲ್ತಾನ ಫಿರೋಜ್ ಷಾ ಆದರದಿಂದ ಬರಮಾಡಿಕೊಂಡನು. ಮುಂದೆ ವಿರಸ ಬೆಳೆದು, ಸಂತರು ಕೋಟೆಯ ನೆರೆಯನ್ನು ಬಿಟ್ಟು ದೂರ ಸರಿಯಬೇಕಾಯಿತು.

1422ರಲ್ಲಿ ಇಬ್ಬರೂ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಹಫ್ತ್ ಗುಂಬಜಿನಲ್ಲಿರುವ ಫಿರೋಜನ ಗೋರಿ ಭವ್ಯವಾಗಿದೆ; ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ದರ್ಗಾಕ್ಕಾದರೋ ಹಿಂದೂ-ಮುಸಲ್ಮಾನರೆನ್ನದೆ ಜನರು ಹರಕೆ ಹೊತ್ತು ಬರುತ್ತಾರೆ. ಅರಸೊತ್ತಿಗೆ ಬಿಟ್ಟುಹೋದ ಊರನ್ನು ಆರು ಶತಮಾನ ಜನರ ನಾಲಗೆಯ ಮೇಲೆ ಉಳಿಸಿದ್ದು ಈ ನಂಬಿಕೆಯೇ ಎಂದು ನಾನು ತಿಳಿದಿದ್ದೇನೆ.