ಕೇಳುಗನನ್ನು ಓದುಗನನ್ನಾಗಿಸಿದ ಬಗೆ: ಮಾಸ್ತಿಯವರ ನಿರೂಪಕ ಮತ್ತು ಬೆಂಗಳೂರಿನ ಕಥನಕೌಶಲ

ಬೆಂಗಳೂರಿನ ಬಸವನಗುಡಿಯ ಬಳಿಯ ಗವಿಪುರದಲ್ಲಿ ಬಹುಕಾಲ ನೆಲೆಸಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು (1891–1986) ಓದುಗನನ್ನು ಹಿಡಿದಿಡಲು ನೆಚ್ಚಿಕೊಂಡದ್ದು ಘಟನೆಗಳ ರೋಚಕತೆಗಿಂತ ಹೆಚ್ಚಾಗಿ ಕಥೆ ಹೇಳುವವನನ್ನು, ಅಂದರೆ ನಿರೂಪಕನನ್ನು. ಕಥೆಯೊಳಗೆ ಕಥೆ ಹೆಣೆಯುವ ಚೌಕಟ್ಟು ‘ವಡ್ಡಾರಾಧನೆ’ಯ ಕಾಲದಿಂದಲೂ, ದುರ್ಗಸಿಂಹನ ‘ಪಂಚತಂತ್ರ’ದಿಂದಲೂ ಕನ್ನಡಕ್ಕೆ ಪರಿಚಿತವಾಗಿತ್ತು, ಪೀಠಿಕೆ ಹಾಕಿ, ಉಪಕಥೆಗೆ ಹೊರಳಿ, ಮತ್ತೆ ಮೂಲಕ್ಕೆ ಬರುವ ಹರಿಕಥೆಯ ಕ್ರಮವೂ ಕೇಳುಗರಿಗೆ ರೂಢಿಯಾಗಿತ್ತು. 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಂಥ ಆರಂಭಕಾಲದ ಸಾಮಾಜಿಕ ಕಾದಂಬರಿಯಲ್ಲಿ ಹೇಳುವವನು ಸುಧಾರಣೆಯ ಉಪದೇಶಕನಾಗಿ ಓದುಗನಿಗಿಂತ ಮೇಲೆ ನಿಂತಿದ್ದನು. ಅವನನ್ನು ಜಗಲಿಗೆ ಇಳಿಸಿ, ಓದುಗನ ಪಕ್ಕದಲ್ಲಿ ಕೂರಿಸಿದ್ದು ಮಾಸ್ತಿಯವರ ಸಾಧನೆ.

ಇದರ ಮೊದಲ ಸ್ಪಷ್ಟ ರೂಪವನ್ನು 1920ರ ‘ಕೆಲವು ಸಣ್ಣ ಕಥೆಗಳು’ ಸಂಕಲನಕ್ಕೆ ಸೇರಿದ ‘ರಂಗನ ಮದುವೆ’ಯಲ್ಲಿ ಕಾಣಬಹುದು. ನಿರೂಪಕ ಶ್ಯಾಮನು ಮದುವೆಯ ವಿಷಯಕ್ಕೆ ತಕ್ಷಣ ಬರುವುದಿಲ್ಲ. ಕಥೆಯ ಹೆಸರಿನ ಬಗ್ಗೆ, ಹೊಸಹಳ್ಳಿಯ ಬಗ್ಗೆ, ಅಲ್ಲಿನ ಮಾವಿನಕಾಯಿಯ ಹುಳಿಯ ಬಗ್ಗೆ ಹರಟುತ್ತಾನೆ. ಅವಸರದ ಓದಿಗೆ ಇದು ಕಾಲಹರಣವೆಂದು ತೋರಬಹುದಾದರೂ, ಈ ಹರಟೆಯಿಂದಲೇ ಶ್ಯಾಮನ ದನಿ ಓದುಗನಿಗೆ ಪರಿಚಿತವಾಗುತ್ತದೆ ಮತ್ತು ಮುಂದೆ ಅವನು ಹೂಡುವ ಸಂಚಿನಲ್ಲಿ ಓದುಗನೂ ಪಾಲುದಾರನಾಗಲು ಒಪ್ಪುತ್ತಾನೆ. ರಂಗನ ಮನಸೆಳೆದ ರತ್ನಳಿಗೆ ಆಗಲೇ ಮದುವೆಯಾಗಿದೆಯೆಂದು ಅವನಿಗೆ ಸುಳ್ಳು ಹೇಳಿದವನೂ, ಜ್ಯೋತಿಷ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟವನೂ ಶ್ಯಾಮನೇ. ಓದುಗನಿಗೆ ತಿಳಿದದ್ದು ಪಾತ್ರಕ್ಕೆ ತಿಳಿಯದೆ ಇರುವ ಈ ಸ್ಥಿತಿಯನ್ನು ವಿಮರ್ಶೆಯು ನಾಟಕೀಯ ವ್ಯಂಗ್ಯವೆಂದು ಕರೆಯುತ್ತದೆ. ಮುಂದೇನಾಗುವುದೆಂಬ ಆತಂಕಕ್ಕಿಂತ ರಂಗನು ಬಲೆಗೆ ಹೇಗೆ ಬೀಳುವನೆಂಬ ಸಂತೋಷವೇ ಇಲ್ಲಿ ಪುಟ ತಿರುಗಿಸುತ್ತದೆ.

‘ಮೊಸರಿನ ಮಂಗಮ್ಮ’ದಲ್ಲಿ ಇದೇ ಕೌಶಲವು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಹಳ್ಳಿಯಿಂದ ಪಟ್ಟಣಕ್ಕೆ ಮೊಸರು ಮಾರಲು ಬರುವ ಮಂಗಮ್ಮ, ಮಗ ಮತ್ತು ಸೊಸೆಯೊಂದಿಗಿನ ತನ್ನ ಜಗಳವನ್ನು ಬಂದಬಂದಾಗ ಅಷ್ಟಷ್ಟಾಗಿ ಹೇಳುತ್ತಾಳೆ. ಮನೆಯೊಡತಿಯಾದ ನಿರೂಪಕಿಯು ಮುಂದಿನ ಭೇಟಿಗಾಗಿ ಕಾಯಬೇಕು, ಓದುಗನೂ ಅವಳೊಂದಿಗೆ ಕಾಯಬೇಕು. ಎಲ್ಲವನ್ನೂ ಬಲ್ಲ ಲೇಖಕನು ಇಲ್ಲಿ ಹಿಂದೆ ಸರಿದು, ಕೇಳುವವಳ ಸಹಾನುಭೂತಿಯನ್ನೇ ಕಥೆಯ ಅಳತೆಗೋಲಾಗಿಸುತ್ತಾನೆ. ಅತ್ತೆಯ ಮಾತನ್ನಷ್ಟೇ ಕೇಳಿ ತೀರ್ಪು ಕೊಡಲಾಗದಂತೆ ಸೊಸೆಗೂ ತನ್ನ ಮಾತು ಹೇಳುವ ಅವಕಾಶ ಒದಗಿಸಿರುವುದು ಈ ಕಥೆಯ ನಿಜವಾದ ಹಿರಿಮೆ.

ಅ.ನ. ಕೃಷ್ಣರಾಯರ (1908–1971) ದಾರಿ ಬೇರೆಯಾಗಿತ್ತು. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಅವರು ವರ್ಣನೆಯನ್ನು ತಗ್ಗಿಸಿ ಸಂಭಾಷಣೆಯನ್ನು ಹಿಗ್ಗಿಸಿದರು. ಅವರ ಪುಟಗಳು ರಂಗಭೂಮಿಯ ವೇಗದಲ್ಲಿ ಸಾಗುತ್ತವೆ. 1948ರಲ್ಲಿ ಶಿಲಾನ್ಯಾಸಗೊಂಡ ಜಯನಗರವೂ ಅದರಾಚೆಯ ಬನಶಂಕರಿ, ಜೆ.ಪಿ. ನಗರಗಳೂ ಬೆಳೆದಂತೆ, ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳೂ ವಾರಪತ್ರಿಕೆಗಳೂ ಈ ವೇಗದ ಓದಿಗೆ ಮನೆಮನೆಯಲ್ಲಿ ಜಾಗ ಮಾಡಿಕೊಟ್ಟವು. 1965ರಲ್ಲಿ ಆರಂಭವಾದ ‘ಸುಧಾ’ದಂಥ ಪತ್ರಿಕೆಗಳಲ್ಲಿ ಧಾರಾವಾಹಿ, ಅಂದರೆ ವಾರವಾರವೂ ಕಂತಾಗಿ ಬರುವ ಕಾದಂಬರಿ, ಮುಗಿಯದ ಮಾತಿನ ಮೇಲೆ ಅಥವಾ ತೆರೆಯದ ಬಾಗಿಲಿನ ಮುಂದೆ ನಿಲ್ಲುವುದನ್ನು ಕಲಿತಿತು. ಪುಸ್ತಕವಾದಾಗ ಈ ನಿಲುಗಡೆಗಳ ಗುರುತು ಬಹುಮಟ್ಟಿಗೆ ಅಳಿಸಿಹೋಗುವುದರಿಂದ, ಜನಪ್ರಿಯ ಕಾದಂಬರಿಯ ತಂತ್ರವನ್ನು ಅರಿಯಲು ಹಳೆಯ ಸಂಚಿಕೆಗಳನ್ನೇ ಓದಬೇಕಾಗುತ್ತದೆ. ಕನ್ನಡ ವಿಮರ್ಶೆಯು ಈ ಕೆಲಸಕ್ಕೆ ಕೊಡಬೇಕಾದಷ್ಟು ಗಮನವನ್ನು ಕೊಟ್ಟಿಲ್ಲ.

ನಂಬಿಕೆಯನ್ನು ಹುಟ್ಟಿಸುವ ಸಾಧನವು ಕೆ.ಎನ್. ಗಣೇಶಯ್ಯನವರಲ್ಲಿ ನಿರೂಪಕನಿಂದ ದಾಖಲೆಗೆ ವರ್ಗಾವಣೆಗೊಂಡಿತು. ಕೃಷಿವಿಜ್ಞಾನಿಯಾದ ಅವರು ‘ಕನಕ ಮುಸುಕು’ ಮೊದಲಾದ ಕಥನಗಳಲ್ಲಿ ಶಿಲ್ಪ, ಶಾಸನ, ಅಡಿಟಿಪ್ಪಣಿಗಳನ್ನು ಪತ್ತೇದಾರಿಯ ಸುಳಿವುಗಳಂತೆ ಬಳಸಿ, ಕಲ್ಪನೆ ಎಲ್ಲಿ ಆರಂಭವಾಯಿತೆಂದು ಓದುಗನು ಪದೇಪದೇ ಪರೀಕ್ಷಿಸುವಂತೆ ಮಾಡಿದರು.

2013ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಆ ನಂಬಿಕೆಯನ್ನೇ ಒಳಗಿನಿಂದ ಸಡಿಲಿಸಿತು. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕುಳಿತು ತನ್ನ ಮನೆಯ ಕಥೆಯನ್ನು ಹೇಳುವ ಹೆಸರಿಲ್ಲದ ನಿರೂಪಕನ ದನಿಯೂ ಶ್ಯಾಮನ ದನಿಯಷ್ಟೇ ಆಪ್ತವಾಗಿದೆ. ಆದರೆ ಶ್ಯಾಮನು ತನ್ನ ಗುಟ್ಟನ್ನು ಓದುಗನೊಂದಿಗೆ ಹಂಚಿಕೊಂಡರೆ, ಇವನು ಹೇಳುತ್ತ ಹೇಳುತ್ತಲೇ ಮರೆಸುತ್ತಾನೆ. ಹೊಸ ಸಿರಿತನವು ಮನೆಯವರನ್ನು ಎಷ್ಟು ದೂರ ಒಯ್ಯಬಲ್ಲದೆಂಬುದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. ಪತ್ನಿ ಅನಿತಾಳಿಗೆ ಏನಾಯಿತೆಂಬುದನ್ನು ಹಿಂದೆ ಬಂದ ಸಣ್ಣ ಸಣ್ಣ ಮಾತುಗಳಿಂದ ಓದುಗನೇ ಊಹಿಸಬೇಕು, ಹಾಗೆ ಊಹಿಸುವಾಗ ಅದುವರೆಗೆ ತಾನು ಆ ಮನೆಯವರ ಮಾತಿಗೆ ನಕ್ಕಿದ್ದಕ್ಕೂ ಉತ್ತರ ಹೇಳಬೇಕು.